ಚಂದ್ರಮುಕುಟದ ಛಾಪು

ಮಿಸಾಕ್ ಚಿಲಿಂಗಿರಿಯನ್ ಮಾರುತ್ತಿದ್ದದ್ದು ಹೊಲಿಗೆ ಯಂತ್ರ.
ಅಲೆಕ್ಸಾಂಡ್ರಿಯಾದ ಅತ್ತಾರೀನ್, ಟ್ರಾಮು ತಿರುಗುವಲ್ಲಿ ಅಂಗಡಿ.
ಸಾಲ ತೀರಿಸಲಾಗದ ಇಟಲಿಯವನೊಬ್ಬ
ಇಪ್ಪತ್ತಾರನೇ ಇಸವಿಯಲ್ಲಿ
ತಟ್ಟೆ ಒತ್ತುವ ಯಂತ್ರವೊಂದನ್ನು ಬಾಗಿಲಲ್ಲಿಟ್ಟು
ರಾತ್ರೋರಾತ್ರಿ ಹಡಗು ಹತ್ತಿದ.
ಹಾಗೆ ಹುಟ್ಟಿತು ಕಂಪನಿ,
ವಸೂಲಾಗದ ಬಾಕಿಯಾಗಿ.

ಹೆಂಡತಿ ಅರಕ್ಸಿ, ಅಳತೆ ಕಾಗದದ ಬೆನ್ನಿಗೆ
ಒಂದು ಹಕ್ಕಿ ಬರೆದಳು: ಚಂದ್ರಮುಕುಟ,
ಅಲ್ಲಿಯವರ ಬಾಯಲ್ಲಿ ಹುದ್‌ಹುದ್.
ಕೊಕ್ಕು ಉದ್ದವಾಯಿತು, ಅಂದ ಮಿಸಾಕ್.
ತಿರುಗುವಾಗ ಯಾರಿಗೆ ಕಾಣುತ್ತೆ, ಅಂದಳು.
ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು,
ಮೂವತ್ತೈದು ವರ್ಷ,
ತಲೆ ಸುತ್ತದ ಹಕ್ಕಿ ಅದೊಂದೇ.

ಮೊದಲ ತಟ್ಟೆ ಸಿತ್ತ್ ತಫೀದಾಳದು.
ಮದುವೆ ಮನೆಯಲ್ಲಿ ಒಂದೇ ಹಾಡಿಗೆ ಅರ್ಧ ರಾತ್ರಿ ಕಳೆಯುವವಳು,
ಒಂದು ಸಾಲನ್ನು ಹನ್ನೊಂದು ಸಲ ತಿರುವಿ ನೋಡುವವಳು
ಕೊಳ್ಳುವ ಮುನ್ನ ಕರಬೂಜ ತಿರುವಿ ನೋಡುವಂತೆ.
ತುತ್ತೂರಿಯ ಬಾಯಿಗೆ ಮುಖ ಕೊಟ್ಟು ನಿಲ್ಲಿಸಿ
ಮೂರೇ ನಿಮಿಷ ತಾಯೀ, ಅಂದರು.

ಮೊದಲು ಶಹಾತಾ ಕೂಗಬೇಕು, ಅದು ಪದ್ಧತಿ:
"ಹುದ್‌ಹುದ್ ಕಂಪನಿ! ಸಿತ್ತ್ ತಫೀದಾ!"
ಆಮೇಲೆ ಊದ್ ವಾದ್ಯ, ಆಮೇಲೆ ಅವಳು,
ನಡುವೆ ಒಂದು ಕೆಮ್ಮು,
ಮೇಣದ ಮೇಲೆ ಬಿದ್ದದ್ದು ಬಿದ್ದ ಹಾಗೆ.
ಅವಳಿನ್ನೂ ಹಾಡಿನ ಹೊಸ್ತಿಲಲ್ಲಿರುವಾಗಲೇ ಮಿಸಾಕ್ ಕೈ ಎತ್ತಿದ.
ನಿಲ್ಲಿಸಿದಳು. ನಿಲ್ಲಿಸಿ, ತುತ್ತೂರಿಗೇ ಹೇಳಿದಳು:
"ಉಳಿದದ್ದು ಬೇಕಾದವರು ಮನೆಗೆ ಬನ್ನಿ."
ಅದೂ ಮುದ್ರೆಯಾಯಿತು. ನಾಲ್ಕು ಸಾವಿರ ತಟ್ಟೆ ಹೋದವು.
ಜನ ನಿಜಕ್ಕೂ ಹೋದರು,
ದಮನ್‌ಹೂರಿನಿಂದ ಒಬ್ಬ ಮುದುಕ, ಕಂಕುಳಲ್ಲಿ ಬಾತುಕೋಳಿ.

ಅರಗಿನ ಮನೆಯೆಂದರೆ ಸುಡಲಿಕ್ಕೇ ಕಟ್ಟಿದ್ದೆಂದು
ಕೇಳಿ ಬೆಳೆದವರು ನಾವು.
ಆ ಅರಗೇ ಇದು. ಮುತ್ತುಗದ ಕೊಂಬೆಗೆ ಕಚ್ಚಿ ಕೂತ ಹುಳದ ಮೈ ಒಸರಿದ್ದು,
ಕಲ್ಕತ್ತೆಯಲ್ಲಿ ಮೂಟೆಯಾಗಿ, ಸೂಯೆಜ್ ಹಾದು,
ಅತ್ತಾರೀನಿನಲ್ಲಿ ಕಾದು, ಕರಿ ಹೋಳಿಗೆಯಾಗಿ
ಒಬ್ಬಳ ಉಸಿರಿಗೆ ಮೈ ಕೊಟ್ಟದ್ದು.

ಆಮೇಲೆ ಯುದ್ಧ. ಮೂಟೆ ಬರಲಿಲ್ಲ.
ಅಂಗಡಿ ಮುಂದೆ ಹಲಗೆ:
ಹಳೆಯವು ಎರಡು ತಂದರೆ ಹೊಸದು ಒಂದು.

ಒಡೆಯುವ ಕೆಲಸ ಇನ್ಸಾಫಳದು.
ಹದಿನಾಲ್ಕು ವಯಸ್ಸು, ಕೈಯಲ್ಲೊಂದು ಕೊಡತಿ.
ನಡುವಿನ ಕಾಗದ ಕೆರೆ, ಉಳಿದದ್ದು ಕುಟ್ಟು.
ದಿನಕ್ಕೆ ಮುನ್ನೂರು ಹಕ್ಕಿ ಕೆರೆದು
ಉಗುರ ಸಂದಿಯಲ್ಲಿ ನೀಲಿ;
ಬಾಂಬಿನ ರಾತ್ರಿ ನೆಲಮಾಳಿಗೆಯಲ್ಲಿ ಕೂತಾಗಲೂ
ಆ ನೀಲಿಯನ್ನೇ ಕಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ದಪ್ಪ ಹೆಂಗಸೊಬ್ಬಳು
ಟವೆಲಿನಲ್ಲಿ ಸುತ್ತಿದ ಎರಡು ತಟ್ಟೆ ತಂದಳು.
ಯಾವುದೋ ಹೊಸ ಹುಡುಗಿಯ ಹಾಡು ಬೇಕಂತೆ,
ರೇಡಿಯೊದಲ್ಲಿ ಕೇಳಿದಳಂತೆ.
ದನಿ, ಎಣ್ಣೆ ಕಾಣದ ಬಾಗಿಲು.
ಇನ್ಸಾಫ್ ಕಾಗದ ಓದಿದಳು. ಮುಖ ನೋಡಿದಳು.
ಮತ್ತೆ ಕಾಗದ.
ಕೊಡತಿ ಏಳಲಿಲ್ಲ.
"ಒಡಿಯೇ ಹುಡುಗಿ," ಅಂದಳು ತಫೀದಾ,
"ಅದರಲ್ಲಿ ಕೆಮ್ಮಿದೆ."

ಪುಡಿಯಾದಳು, ಕಾದಳು,
ಇನ್ನೊಬ್ಬಳ ಮೂರು ನಿಮಿಷವಾಗಿ ಹೊರಬಂದಳು.
ಶಹಾತಾ ಮಾತ್ರ ಎರಡರಲ್ಲೂ ಇದ್ದ
ಹೆಸರಷ್ಟೇ ಬದಲಿಸಿ ಕೂಗುತ್ತ.

ಅರವತ್ತೊಂದರಲ್ಲಿ ಬಾಗಿಲಿಗೆ ಸರ್ಕಾರದ ಮೊಹರು.
ಮಿಸಾಕ್ ಅಷ್ಟರಲ್ಲಿ ಮಣ್ಣಾಗಿದ್ದ; ಅರಕ್ಸಿ
ಎರಡು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರದೊಂದಿಗೆ ಮಾಂಟ್ರಿಯಲ್ಲಿಗೆ.
ಹಾಡಿನ ತಾಯಚ್ಚುಗಳನ್ನು
ತಾಮ್ರದ ಓಣಿಯವನು ತೂಕಕ್ಕೆ ಹಾಕಿದ.
ತಕ್ಕಡಿಗೆ ರಾಗ ಎಲ್ಲಿ ಗೊತ್ತು,
ಒಂಬತ್ತು ಮಣ ಅಂದಿತು.

ಇನ್ಸಾಫಳ ಒಲೆಯ ಮೇಲೆ ಅಂಥದೊಂದು ಪಾತ್ರೆ.
ರಾತ್ರಿಯಿಡೀ ಅದರಲ್ಲಿ ಫೂಲ್ ಕಾಳು ಬೇಯುತ್ತದೆ.
ತಳದಲ್ಲಿ ಸುತ್ತು ಗೆರೆ ಉಳಿದಿದೆ ಅನ್ನುತ್ತಾಳೆ.
ಮೊಮ್ಮಗ ಕಿವಿಯಿಟ್ಟು ನೋಡಿದ, ಕಿವಿ ಸುಟ್ಟುಕೊಂಡ.
ಸೌಟು ಸೌಟಿನ ಸದ್ದನ್ನೇ ಮಾಡುತ್ತದೆ.
ಎಲ್ಲರಿಗೂ ಒಂದು ಸುತ್ತು ಬಡಿಸಿಯಾದ ಮೇಲೆ
ಪಾತ್ರೆ ಓರೆ ಮಾಡಿ, ನೋಡಿ, ಕೂಗುತ್ತಾಳೆ:
"ಉಳಿದದ್ದು ಬೇಕಾದವರು ಬನ್ನಿ."
ಜಗಳವಾಡುತ್ತ ಬರುತ್ತವೆ ಮಕ್ಕಳು.